ಮದರಾಸಿನ ಗವರ್ನರರೂ ಸೇನಾಪತಿಗಳೂ: ಎರಡನೆಯ ಮೈಸೂರು ಯುದ್ಧದ ಒಂದು ಒಳಮುಖ

ಎರಡನೆಯ ಮೈಸೂರು ಯುದ್ಧವನ್ನು (1780–84) ನಾವು ಸಾಮಾನ್ಯವಾಗಿ ಹೈದರಾಲಿ, ಟಿಪ್ಪು ಮತ್ತು ಇಂಗ್ಲಿಷರ ನಡುವಣ ಹೋರಾಟವೆಂದೇ ಓದುತ್ತೇವೆ. ಕನ್ನಡದ ಕಲ್ಪನೆ ಮೈಸೂರಿನ ಪಾಳೆಯದಲ್ಲಿ ನಿಂತು ಈ ಯುದ್ಧವನ್ನು ನೋಡುವುದು ಸಹಜವೇ. ಆದರೆ ಎದುರು ಪಾಳೆಯವನ್ನು 'ಇಂಗ್ಲಿಷರು' ಎಂಬ ಒಂದೇ ಪದದಲ್ಲಿ ಅಡಗಿಸಿಬಿಟ್ಟರೆ ಯುದ್ಧದ ಗತಿ ಪೂರ್ಣವಾಗಿ ತಿಳಿಯುವುದಿಲ್ಲ. ಮದರಾಸಿನ ಸೇಂಟ್ ಜಾರ್ಜ್ ಕೋಟೆಯೊಳಗೆ ಅದೇ ಕಾಲದಲ್ಲಿ ಇನ್ನೊಂದು ಕಲಹ ನಡೆದಿತ್ತು. ಸೇನೆ ಯಾರ ಆಜ್ಞೆಗೆ ಒಳಪಟ್ಟದ್ದು ಎಂಬುದೇ ಆ ಕಲಹದ ವಸ್ತು.

ಇದರ ಮೂಲ ಆಡಳಿತದ ರಚನೆಯಲ್ಲಿಯೇ ಇದೆ. ಮದರಾಸಿನ ಗವರ್ನರನೂ ಅವನ ಮಂಡಲಿಯೂ ಕಂಪನಿಯ ಸೇವಕರು. 1773ರ ರೆಗ್ಯುಲೇಟಿಂಗ್ ಕಾಯಿದೆ ಯುದ್ಧ ಮತ್ತು ಸಂಧಿಯ ವಿಷಯಗಳಲ್ಲಿ ಅವರನ್ನು ಬಂಗಾಳದ ಗವರ್ನರ್ ಜನರಲನ ಮೇಲ್ವಿಚಾರಣೆಗೆ ಒಳಪಡಿಸಿತು. ಕಂಪನಿಯ ಸಿಪಾಯಿಗಳ ಜೊತೆಗೆ ಬ್ರಿಟನ್ನಿನ ದೊರೆಯ ರೆಜಿಮೆಂಟುಗಳೂ ಬಂದಿಳಿದಾಗ ಅವುಗಳ ಅಧಿಕಾರಿಗಳು ತಾವು ದೊರೆಯ ನೇಮಕದವರು, ವರ್ತಕ ಸಂಸ್ಥೆಯ ಆಳುಗಳಲ್ಲ ಎಂದು ಭಾವಿಸಿದರು. ಹೀಗೆ ಒಂದೇ ಸೇನೆಯ ಮೇಲೆ ಮೂರು ಅಧಿಕಾರಗಳ ನೆರಳು ಬಿದ್ದಿತು.

ಈ ಗೊಂದಲದ ಮೊದಲ ಸ್ಫೋಟ 1776ರಲ್ಲಿ ಆಯಿತು. ತಂಜಾವೂರಿನ ರಾಜನನ್ನು ಮರುಸ್ಥಾಪಿಸಿದ ಪ್ರಸಂಗದಲ್ಲಿ ಗವರ್ನರ್ ಪಿಗಟನಿಗೂ ಮಂಡಲಿಯ ಬಹುಮತಕ್ಕೂ ಜಗಳ ಹತ್ತಿತು. ಬಹುಮತದ ಆಜ್ಞೆಯಂತೆ ಜೇಮ್ಸ್ ಸ್ಟುಅರ್ಟ್ ಎಂಬ ಸೇನಾಧಿಕಾರಿ ಆಗಸ್ಟ್ 24ರಂದು ಗವರ್ನರನನ್ನೇ ಸೆರೆಹಿಡಿದನು. ಪಿಗಟ್ ಬಂಧನದಲ್ಲಿರುವಾಗಲೇ 1777ರಲ್ಲಿ ತೀರಿಕೊಂಡನು. ಸ್ಟುಅರ್ಟನ ಹೆಸರನ್ನು ಓದುಗರು ನೆನಪಿನಲ್ಲಿಡಬೇಕು.

1780ರ ಸೆಪ್ಟೆಂಬರಿನಲ್ಲಿ ಪೊಳ್ಳಿಲೂರಿನಲ್ಲಿ ಬೈಲಿಯ ಪಡೆ ನಾಶವಾದ ಮೇಲೆ ವಾರನ್ ಹೇಸ್ಟಿಂಗ್ಸ್ ಸರ್ ಐರ್ ಕೂಟನನ್ನು ಬಂಗಾಳದಿಂದ ಕಳುಹಿಸಿದನು. ಯುದ್ಧವನ್ನು ತನ್ನ ವಿವೇಚನೆಯಂತೆ ನಡೆಸುವ ಅಧಿಕಾರವನ್ನೂ ಬಂಗಾಳದಿಂದ ಬಂದ ಹಣವನ್ನು ವೆಚ್ಚಮಾಡುವ ಅಧಿಕಾರವನ್ನೂ ಅವನಿಗೆ ಕೊಡಲಾಗಿತ್ತು. 1781ರ ಜೂನಿನಲ್ಲಿ ಗವರ್ನರನಾಗಿ ಬಂದ ಲಾರ್ಡ್ ಮೆಕಾರ್ಟ್ನಿಗೆ ಇದು ನುಂಗಲಾರದ ತುತ್ತಾಯಿತು. ಸೇನೆಗೆ ಅಕ್ಕಿ, ಎತ್ತು, ಸಂಬಳ ಒದಗಿಸುವ ಹೊಣೆ ಮದರಾಸಿನದು; ಸೇನೆ ಎಲ್ಲಿಗೆ ಹೋಗಬೇಕೆಂದು ಹೇಳುವ ಹಕ್ಕು ಮಾತ್ರ ಅದಕ್ಕಿಲ್ಲ. ಪೋರ್ಟೊ ನೋವೊದಲ್ಲಿ ಗೆದ್ದ ಕೂಟ್ ಸಾಗಣೆಯ ಕೊರತೆಯಿಂದ ಗೆಲುವನ್ನು ಮುಂದುವರಿಸಲಾರದೆ ಹೋದನು. ತಪ್ಪು ಯಾರದೆಂದು ಇಬ್ಬರೂ ಪತ್ರಗಳಲ್ಲಿ ಕಾದಾಡಿದರು.

ಕೂಟ್ ಅನಾರೋಗ್ಯದಿಂದ ಬಂಗಾಳಕ್ಕೆ ಮರಳಿದಾಗ ಅಧಿಪತ್ಯ ಅದೇ ಸ್ಟುಅರ್ಟನಿಗೆ ಬಂದಿತು. 1782ರ ಡಿಸೆಂಬರ್ 7ರಂದು ಚಿತ್ತೂರಿನ ಬಳಿಯ ಪಾಳೆಯದಲ್ಲಿ ಹೈದರಾಲಿ ಮರಣಹೊಂದಿದನು. ಟಿಪ್ಪು ಆಗ ದೂರದ ಮಲಬಾರಿನಲ್ಲಿದ್ದನು. ಪೂರ್ಣಯ್ಯ, ಕೃಷ್ಣರಾಯ ಮೊದಲಾದವರು ಸುದ್ದಿಯನ್ನು ಮುಚ್ಚಿಟ್ಟು ಸೇನೆ ಚದುರದಂತೆ ಕಾಪಾಡಿದರು. ಆದರೂ ಸುದ್ದಿ ಮದರಾಸನ್ನು ಬೇಗನೆ ತಲುಪಿತು. ಕೂಡಲೇ ಆಕ್ರಮಣ ಮಾಡಬೇಕೆಂದು ಮೆಕಾರ್ಟ್ನಿ ಒತ್ತಾಯಿಸಿದನು. ಸಿದ್ಧತೆ ಸಾಲದೆಂದು ಸ್ಟುಅರ್ಟ್ ಕದಲಲಿಲ್ಲ. ಅಷ್ಟರಲ್ಲಿ ಟಿಪ್ಪು ಬಂದು ತಂದೆಯ ಸೇನೆಯನ್ನು ಕೂಡಿಕೊಂಡನು. ಮೈಸೂರಿನ ಉತ್ತರಾಧಿಕಾರ ಸುಗಮವಾದದ್ದರಲ್ಲಿ ಪೂರ್ಣಯ್ಯ ಮೊದಲಾದವರ ಜಾಣ್ಮೆಯಂತೆ ಮದರಾಸಿನ ಮನಸ್ತಾಪಕ್ಕೂ ಪಾಲಿದೆಯೆಂಬುದನ್ನು ಒಪ್ಪಬೇಕಾಗುತ್ತದೆ.

1783ರ ಜೂನಿನ ಕಡಲೂರು ಮುತ್ತಿಗೆಯ ಅನಂತರ ಮೆಕಾರ್ಟ್ನಿ ಸ್ಟುಅರ್ಟನನ್ನು ಹಿಂದಕ್ಕೆ ಕರೆಸಿ ಸೇವೆಯಿಂದ ವಜಾಮಾಡಿದನು. ದೊರೆಯ ಪಡೆಗಳ ಅಧಿಪತ್ಯವನ್ನು ಬಿಡೆನೆಂದಾಗ ಸೆಪ್ಟೆಂಬರಿನಲ್ಲಿ ಬಂಧಿಸಿ ಇಂಗ್ಲೆಂಡಿಗೆ ಕಳುಹಿಸಿದನು. ಒಬ್ಬ ಗವರ್ನರನನ್ನು ಸೆರೆಹಿಡಿದವನು ಏಳು ವರ್ಷಗಳ ಮೇಲೆ ಇನ್ನೊಬ್ಬ ಗವರ್ನರನ ಸೆರೆಯಾದನು! ಹಗೆ ಅಲ್ಲಿಗೂ ಆರಲಿಲ್ಲ. 1786ರಲ್ಲಿ ಲಂಡನ್ನಿನಲ್ಲಿ ಇಬ್ಬರೂ ಪಿಸ್ತೂಲು ಹಿಡಿದು ದ್ವಂದ್ವಯುದ್ಧಕ್ಕೆ ನಿಂತರು. ಮೆಕಾರ್ಟ್ನಿ ಗಾಯಗೊಂಡನು.

ಪಶ್ಚಿಮದಲ್ಲಿಯೂ ಸ್ಥಿತಿ ಭಿನ್ನವಾಗಿರಲಿಲ್ಲ. ಮುಂಬಯಿ ಸರ್ಕಾರದ ಆಜ್ಞೆಯಂತೆ ಜನರಲ್ ಮ್ಯಾಥ್ಯೂಸ್ ತನ್ನ ಅಭಿಪ್ರಾಯಕ್ಕೆ ವಿರುದ್ಧವಾಗಿ ಘಟ್ಟವೇರಿ ಬಿದನೂರನ್ನು ಹಿಡಿದನು. ಕೊಳ್ಳೆಯ ವಿಷಯದಲ್ಲಿ ಅಧಿಕಾರಿಗಳೊಡನೆ ಜಗಳವಾಯಿತು; ಸರ್ಕಾರ ಅವನನ್ನು ತೆಗೆದುಹಾಕಿತು. ಅದು ಜಾರಿಗೆ ಬರುವ ಮೊದಲೇ ಅವನು ಟಿಪ್ಪುವಿಗೆ ಶರಣಾಗಿ ಸೆರೆಯಲ್ಲಿ ಸತ್ತನು.

ಈ ಅನುಭವದಿಂದ ಬ್ರಿಟನ್ ಪಾಠ ಕಲಿತಿತು. 1786ರ ಕಾಯಿದೆ ಗವರ್ನರ್ ಜನರಲನಿಗೆ ಮಂಡಲಿಯನ್ನು ಮೀರಿ ನಡೆಯುವ ಅಧಿಕಾರ ಕೊಟ್ಟಿತು. ದಂಡನಾಯಕತ್ವವನ್ನೂ ಅವನಲ್ಲಿಯೇ ಸೇರಿಸುವ ಅವಕಾಶ ಮಾಡಿತು. ಕಾರ್ನ್‌ವಾಲಿಸ್ ಎರಡೂ ಪದವಿಗಳನ್ನು ಧರಿಸಿ ಬಂದನು. ಮದರಾಸಿನಲ್ಲಿ ಹಣ, ಎತ್ತು, ಸೇನೆ ಎಲ್ಲವೂ ಒಂದೇ ಕೈಗೆ ಸಿಕ್ಕಿದವು. 1791ರ ಮಾರ್ಚಿನಲ್ಲಿ ಬೆಂಗಳೂರಿನ ಕೋಟೆ ಬಿದ್ದಿತು. 1792ರ ಒಪ್ಪಂದದಲ್ಲಿ ಮೈಸೂರು ಅರ್ಧ ರಾಜ್ಯವನ್ನು ಕಳೆದುಕೊಂಡಿತು. ಮರಾಠರು ಮತ್ತು ನಿಜಾಮರ ಮೈತ್ರಿಯೂ ಇದಕ್ಕೆ ಕಾರಣವೆಂಬುದನ್ನು ಮರೆಯುವಂತಿಲ್ಲ. ಆದರೆ 1782ರಲ್ಲಿ ಮೈಸೂರನ್ನು ಉಳಿಸಿದ ಬಿರುಕು 1791ರಲ್ಲಿ ಇರಲಿಲ್ಲ.

ಆದುದರಿಂದ ಟಿಪ್ಪುವಿನ ಸೋಲುಗೆಲುವುಗಳನ್ನು ಶೌರ್ಯ ಅಥವಾ ದ್ರೋಹದ ಮಾತಿನಿಂದಷ್ಟೇ ಅಳೆಯುವ ನಮ್ಮ ರೂಢಿಯನ್ನು ಪರಿಶೀಲಿಸಿಕೊಳ್ಳಬೇಕಾಗಿದೆ. ಮದರಾಸಿನ ಕಡತಗಳು ಶತ್ರುವಿನ ಮನೆಯ ಲೆಕ್ಕಪತ್ರಗಳು ನಿಜ. ಆದರೂ ಕನ್ನಡ ನಾಡಿನ ಚರಿತ್ರೆಯ ಕೆಲವು ಪುಟಗಳು ಅಲ್ಲಿಯೇ ಇವೆ. ಹೊರನಾಡಿನ ಕನ್ನಡ ವಿದ್ಯಾರ್ಥಿಗಳು ಅವನ್ನು ಓದಲು ಮನಸ್ಸು ಮಾಡಬೇಕು.