ಹೈಡ್ರಾಂಜಿಯಾಕ್ಕೆ ಕತ್ತರಿ ಯಾವಾಗ?

ಕೊಡಗಿನ ಎಸ್ಟೇಟ್ ಮನೆಗಳ ಅಂಗಳದಲ್ಲೂ ಊಟಿಯ ತೋಟಗಳಲ್ಲೂ ದಪ್ಪ ನೀಲಿ ಗೊಂಚಲು ಹೊತ್ತು ನಿಲ್ಲುವ ಹೈಡ್ರಾಂಜಿಯಾ ಮೂಲತಃ ಜಪಾನಿನದು. ಅಲ್ಲಿ ಅದು ಜೂನ್ ಮಳೆಯ ಹೂ. ಕಾಮಾಕುರದ ಮೇಗೆತ್ಸು-ಇನ್ ದೇವಾಲಯಕ್ಕೆ ಜನ ಇದನ್ನು ನೋಡಲೆಂದೇ ಹೋಗುತ್ತಾರೆ. ಚಳಿಗೆ ಎಲೆ ಉದುರಿಸಿ ಬರಲಾಗುವ ಈ ಪೊದೆಯನ್ನು ಬೆಳೆಸುವುದು ಕಷ್ಟವಲ್ಲ: ಅರೆನೆರಳು, ಬುಡಕ್ಕೆ ತರಗೆಲೆ, ಧಾರಾಳ ನೀರು. ಮಧ್ಯಾಹ್ನದ ಬಿಸಿಲಿಗೆ ಎಲೆ ಜೋತುಬಿದ್ದರೆ ಗಾಬರಿಯಾಗಬೇಕಿಲ್ಲ. ಸಂಜೆಗೂ ಏಳದಿದ್ದರೆ ಆಗ ನೀರು ಹಾಯಿಸಿ.

ಜಾಣತನ ಬೇಕಾಗುವುದು ಸವರುವಾಗ. ‘ಗಿಡವೇನೋ ಸೊಂಪಾಗಿದೆ, ಹೂವೇ ಇಲ್ಲ’ ಎನ್ನುವವರನ್ನು ವಿಚಾರಿಸಿದರೆ, ಗುಲಾಬಿಯ ಜೊತೆಗೇ ಇದನ್ನೂ ಕತ್ತರಿಸಿರುತ್ತಾರೆ. ಗುಲಾಬಿ ಹೊಸ ಚಿಗುರಿನಲ್ಲಿ ಹೂ ಬಿಡುತ್ತದೆ, ಎಷ್ಟು ಸವರಿದರೂ ಸೈ. ಹೈಡ್ರಾಂಜಿಯಾದ ಹಳೆಯ ತಳಿಗಳು ಹಾಗಲ್ಲ. ಬರುವ ವರ್ಷದ ಹೂ ಈ ವರ್ಷ ಬೆಳೆದ ರೆಂಬೆಯ ತುದಿಯಲ್ಲಿ ಆಗಲೇ ಮೊಗ್ಗಾಗಿ ಕೂತಿರುತ್ತದೆ. ತಡವಾಗಿ ಆಡಿಸಿದ ಕತ್ತರಿ ಅದನ್ನೇ ಕೊಯ್ದುಹಾಕುತ್ತದೆ.

ಬಾಡಿದ ಗೊಂಚಲನ್ನು ಹಿಡಿದು ಕಾಂಡದ ಗುಂಟ ಕೆಳಗೆ ಬೆರಳಾಡಿಸಿ. ಎಲೆಗಳು ಎದುರುಬದುರಾಗಿ ಜೋಡಿ ಜೋಡಿ ಇರುತ್ತವೆ, ಪ್ರತಿ ಎಲೆಯ ಕಂಕುಳಲ್ಲಿ ಒಂದೊಂದು ಕಣ್ಣು. ಉಬ್ಬಿದ ಮೊದಲ ಜೋಡಿ ಕಣ್ಣು ಸಿಕ್ಕಲ್ಲಿ ನಿಲ್ಲಿ. ಅದರ ಮೇಲೆ ಕಾಲು ಅಂಗುಲ ಬಿಟ್ಟು ಒಂದೇ ಏಟಿಗೆ ಕತ್ತರಿಸಿ. ಅಷ್ಟೇ. ಇಂಗ್ಲೆಂಡಿನ ತೋಟಗಾರರು ಒಣಗಿದ ಗೊಂಚಲನ್ನು ಚಳಿಗಾಲವಿಡೀ ಹಾಗೇ ಬಿಟ್ಟು, ಕೆಳಗಿನ ಮೊಗ್ಗಿಗೆ ಹಿಮ ತಗಲದಂತೆ ಕಾಯುತ್ತಾರೆ. ಇಬ್ಬನಿ ಹೆಪ್ಪುಗಟ್ಟುವ ಊಟಿಗೆ ಈ ಕ್ರಮ ಒಪ್ಪುತ್ತದೆ. ಕೊಡಗಿನಲ್ಲಿ ಹೂ ಬಾಡಿದ ಕೂಡಲೇ ತೆಗೆಯುವುದು ಮೇಲು. ಗಿಡಕ್ಕೆ ವಯಸ್ಸಾದಾಗ, ಸಣಕಲು ಹೂ ಬಿಡುವ ಒಂದೆರಡು ಮುದಿ ಕಾಂಡಗಳನ್ನು ವರ್ಷವರ್ಷ ಬುಡದಲ್ಲೇ ಕತ್ತರಿಸಿ ತೆಗೆದರೆ ಪೊದೆ ಒತ್ತಾಗಿ ಉಳಿಯುತ್ತದೆ.

ಬಣ್ಣದ ಗುಟ್ಟು ಮಣ್ಣಿನದು. ಹುಳಿ ಮಣ್ಣಿನಲ್ಲಿ ಅಲ್ಯೂಮಿನಿಯಂ ಕರಗಿ ಬೇರಿಗೆ ಸಿಗುತ್ತದೆ, ಹೂ ನೀಲಿಯಾಗುತ್ತದೆ. ಪಿಎಚ್ ಸುಮಾರು 5.5ಕ್ಕಿಂತ ಕೆಳಗಿರಬೇಕು. ಮಳೆಗೆ ತೊಳೆದು ಹುಳಿಯಾದ ಮಲೆನಾಡಿನ ಮಣ್ಣಿಗೆ ಈ ನೀಲಿ ಸಲೀಸು. ಗಡಸು ಬೋರ್‌ವೆಲ್ ನೀರು ಕುಡಿಯುವ ಕುಂಡದ ಗಿಡ ಮೆಲ್ಲಗೆ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ನೀಲಿಯೇ ಬೇಕೆಂದರೆ ನೀರಿಗೆ ಚೂರು ಪಟಿಕ ಕರಗಿಸಿ ಹಾಕುವುದುಂಟು. ಬಿಳಿ ತಳಿ ಮಾತ್ರ ಇದಾವುದಕ್ಕೂ ಜಗ್ಗುವುದಿಲ್ಲ.

ಸವರುವಾಗ ಹೂ ಬಿಡದ ರೆಂಬೆ ಸಿಕ್ಕರೆ ಎಸೆಯಬೇಡಿ. ಗೇಣುದ್ದ ಕತ್ತರಿಸಿ, ಕೆಳಗಿನ ಎಲೆ ಕಿತ್ತು, ಮೇಲಿನದನ್ನು ಅರ್ಧಕ್ಕೆ ತುಂಡರಿಸಿ, ಮರಳು ಬೆರೆಸಿದ ಮಣ್ಣಿಗೆ ಊರಿ ನೆರಳಲ್ಲಿಡಿ. ಮಳೆಗಾಲದಲ್ಲಿ ಬೇರು ಬೇಗ ಬರುತ್ತದೆ.