ಬಿದ್ದ ಮೇಲೆ ಪರಿಹಾರ, ಬೀಳೋ ಮುಂಚೆ ಏನೂ ಇಲ್ಲ: ಒಂದು ಹಳೇ ಮನೆ ರಿಪೇರಿಯ ಲೆಕ್ಕ

ನಾಲ್ಕು ವರ್ಷದ ಹಿಂದೆ, ಆಗಸ್ಟ್ ತಿಂಗಳ ಒಂದು ರಾತ್ರಿ ಅಮ್ಮ ಫೋನ್ ಮಾಡಿದರು. "ನಡುಮನೆಯಲ್ಲಿ ಮಲಗೋಕೆ ಆಗ್ತಿಲ್ಲ ಕಣೇ, ಅಡುಗೆಮನೆಯಲ್ಲಿ ಚಾಪೆ ಹಾಕ್ಕೊಂಡಿದೀನಿ" ಅಂದರು. ಮಳೆ ಬಂದಾಗ ಸೋರುವ ಕಡೆಗೆಲ್ಲ ಪಾತ್ರೆ ಇಡೋದು ನಮ್ಮ ಮನೆಗೆ ಹೊಸದೇನಲ್ಲ. ಆದರೆ ಆ ಸಲ ಗೋಡೆಯ ಬುಡವೇ ನೆನೆದು, ಬೆರಳಿಟ್ಟರೆ ಮಣ್ಣು ಉದುರುತ್ತಿತ್ತು.

ನಮ್ಮದು ತರೀಕೆರೆ ಕಡೆಯ ಹಳ್ಳಿ. ಅಜ್ಜ ಕಟ್ಟಿಸಿದ ಮನೆ. ಮಣ್ಣಿನ ಗೋಡೆ, ಮಂಗಳೂರು ಹೆಂಚು, ಮುಂದೆ ಜಗಲಿ, ಹಿಂದೆ ಹಿತ್ತಲು. ಅಪ್ಪ ಹೋದ ಮೇಲೆ ಅಲ್ಲಿ ಅಮ್ಮ ಒಬ್ಬರೇ. ನಾನು ಶಿವಮೊಗ್ಗದಲ್ಲಿ ಅತಿಥಿ ಉಪನ್ಯಾಸಕಿ. ವರ್ಷದ ಹನ್ನೆರಡೂ ತಿಂಗಳು ಸಂಬಳ ಬರುವ ಕೆಲಸ ಇದಲ್ಲ ಅನ್ನೋದು ನಿಮಗೂ ಗೊತ್ತು.

ಊರಲ್ಲಿ ಯಾರನ್ನು ಕೇಳಿದರೂ ಒಂದೇ ಮಾತು: "ಕೆಡವಿ ಆರ್‌ಸಿಸಿ ಹಾಕ್ಸು." ಮೇಸ್ತ್ರಿ ಕೊಟ್ಟ ಅಂದಾಜು 18 ಲಕ್ಷ ರೂಪಾಯಿ. ಅಷ್ಟು ಸಾಲ ನನಗೆ ಯಾವ ಬ್ಯಾಂಕೂ ಕೊಡಲ್ಲ, ಕೊಟ್ಟರೂ ತೀರಿಸೋಕಾಗಲ್ಲ. ಹಾಗಾಗಿ ಸಾಲ ಮಾಡದೆ, ವರ್ಷಕ್ಕೆ ಉಳಿದಷ್ಟರಲ್ಲಿ ಒಂದೊಂದೇ ಕೆಲಸ ಮಾಡಿಸೋದು ಅಂತ ತೀರ್ಮಾನಿಸಿದೆ. ಇಲ್ಲಿಯವರೆಗೆ ಖರ್ಚಾಗಿರುವುದು 2 ಲಕ್ಷ 29 ಸಾವಿರ. ಅಮ್ಮ ಈಗ ನಡುಮನೆಯಲ್ಲೇ ಮಲಗುತ್ತಾರೆ.

ಈ ನಾಲ್ಕು ವರ್ಷದಲ್ಲಿ ಗಾರೆ ಕೆಲಸದ ಬಗ್ಗೆ ಕಲಿತಷ್ಟೇ ಸರ್ಕಾರದ ವಸತಿ ನೀತಿಯ ಬಗ್ಗೆಯೂ ಕಲಿತೆ. ಎರಡನ್ನೂ ಇಲ್ಲಿ ಹೇಳ್ತೀನಿ.

ಯೋಜನೆಗಳ ಕಣ್ಣಿಗೆ ಕಾಣದ ಮನೆ

ಮೊದಲು ಪಂಚಾಯಿತಿಗೆ ಹೋದೆ. ಪ್ರಧಾನಮಂತ್ರಿ ಆವಾಸ್ ಯೋಜನೆಯ ಗ್ರಾಮೀಣ ಭಾಗದಲ್ಲಿ ಬಯಲು ಪ್ರದೇಶಕ್ಕೆ 1.20 ಲಕ್ಷ, ಗುಡ್ಡಗಾಡಿಗೆ 1.30 ಲಕ್ಷ ರೂಪಾಯಿ ನೆರವಿದೆ. ಆದರೆ ಅದು ಮನೆ ಇಲ್ಲದವರಿಗೆ, ಇಲ್ಲವೇ ಗೋಡೆ ಮತ್ತು ಛಾವಣಿ ಎರಡೂ ಕಚ್ಚಾ ಆಗಿರುವ, ಎರಡು ಕೋಣೆ ಮೀರದ ಮನೆಯವರಿಗೆ. ಸರ್ಕಾರಿ ಲೆಕ್ಕದಲ್ಲಿ ಮಣ್ಣಿನ ಗೋಡೆ ಕಚ್ಚಾ. ಕೈಯಲ್ಲಿ ತಟ್ಟಿದ ನಾಡಹೆಂಚೂ ಕಚ್ಚಾ. ಯಂತ್ರದಲ್ಲಿ ಒತ್ತಿದ ಮಂಗಳೂರು ಹೆಂಚು ಮಾತ್ರ ಪಕ್ಕಾ. ಅಂದರೆ ತಲೆ ಮೇಲೆ ಮಂಗಳೂರು ಹೆಂಚಿದ್ದರೆ, ಕಾಲ ಬಳಿ ಗೋಡೆ ಕರಗುತ್ತಿದ್ದರೂ ನೀವು ಲೆಕ್ಕಕ್ಕಿಲ್ಲ.

ರಾಜ್ಯದ ಬಸವ ವಸತಿ, ಅಂಬೇಡ್ಕರ್ ನಿವಾಸ ಯೋಜನೆಗಳೂ ಹೊಸ ಮನೆ ಕಟ್ಟುವುದಕ್ಕೇ. ಹಿಂದಿನ ಇಂದಿರಾ ಆವಾಸ್ ಯೋಜನೆಯಲ್ಲಿ ಕಚ್ಚಾ ಮನೆಗಳನ್ನು ಮೇಲ್ದರ್ಜೆಗೆ ಏರಿಸಲು ಹಣದಲ್ಲಿ ಶೇ. 20ರವರೆಗೆ ಬಳಸುವ ಅವಕಾಶವಾದರೂ ಇತ್ತು. 2016ರಲ್ಲಿ ಅದರ ಜಾಗಕ್ಕೆ ಬಂದ ಯೋಜನೆ ಪೂರ್ತಿ ಹೊಸ ಮನೆಯ ಕಡೆಗೇ ವಾಲಿತು.

ಇನ್ನೊಂದು ಕಡೆ ನೋಡಿ. 2019ರ ನೆರೆಯಲ್ಲಿ ಪೂರ್ತಿ ಬಿದ್ದ ಮನೆಗೆ ರಾಜ್ಯ ಸರ್ಕಾರ 5 ಲಕ್ಷ ರೂಪಾಯಿ ಪರಿಹಾರ ಘೋಷಿಸಿತು. ಕೊಡಬೇಕಾದದ್ದೇ, ತಕರಾರಿಲ್ಲ. ಆದರೆ ಅಂಥ ಎಷ್ಟೋ ಗೋಡೆಗಳ ಬುಡ ಬೀಳುವ ಎಷ್ಟೋ ವರ್ಷದ ಮೊದಲೇ ನೆನೆಯತೊಡಗಿರುತ್ತದೆ. ಆಗ ಬೇಕಿದ್ದದ್ದು ಮೂವತ್ತು ನಲವತ್ತು ಸಾವಿರ. ಅದಕ್ಕೊಂದು ಅರ್ಜಿ ನಮೂನೆಯೂ ಇರಲ್ಲ.

ಮೊದಲು ನೀರು, ಕೊನೆಗೆ ಬಣ್ಣ

ಕೈಯಲ್ಲಿ ಸ್ವಲ್ಪ ದುಡ್ಡು ಬಂದ ಕೂಡಲೇ ನಾವೆಲ್ಲ ಮಾಡುವ ತಪ್ಪು ಒಂದೇ: ಕಣ್ಣಿಗೆ ಕಾಣುವುದರಿಂದ ಶುರು ಮಾಡ್ತೀವಿ. ನೆಲಕ್ಕೆ ಟೈಲ್ಸ್, ಗೋಡೆಗೆ ಪೇಂಟು. ಮುಂದಿನ ಮಳೆಗಾಲಕ್ಕೆ ಪೇಂಟು ಹಪ್ಪಳದ ಹಾಗೆ ಎದ್ದಿರುತ್ತೆ.

ಕ್ರಮ ಹೀಗಿರಬೇಕು. ಮೊದಲು ಮೇಲಿಂದ ಬರುವ ನೀರು, ಆಮೇಲೆ ಕೆಳಗಿಂದ ಬರುವ ನೀರು. ಅದರ ನಂತರ ಕರೆಂಟು. ಆಮೇಲೆ ಬಚ್ಚಲು, ಶೌಚಾಲಯ. ನೆಲ, ಬಣ್ಣ ಎಲ್ಲ ಕೊನೆಗೆ. ಪ್ರತಿ ವರ್ಷದ ಕೆಲಸ ಹಿಂದಿನ ವರ್ಷದ ಕೆಲಸವನ್ನು ಕಾಯಬೇಕು, ಕೆಡಿಸಬಾರದು.

ಮೊದಲ ವರ್ಷ ಸೂರು. ಫೆಬ್ರವರಿಯಲ್ಲಿ, ಸುಗ್ಗಿ ಮುಗಿದ ಮೇಲೆ, ಹೆಂಚೆಲ್ಲ ಇಳಿಸಿದೆವು. ಪಾಚಿ ಉಜ್ಜಿ ತೊಳೆದ ಮೇಲೆ ಮುಕ್ಕಾಲು ಭಾಗ ಹೆಂಚು ಗಟ್ಟಿಯಾಗೇ ಇತ್ತು. ಮರವನ್ನು ಪರೀಕ್ಷೆ ಮಾಡೋಕೆ ದೊಡ್ಡ ಉಪಕರಣ ಬೇಡ. ಸ್ಕ್ರೂಡ್ರೈವರಿನಿಂದ ತಟ್ಟಿ ನೋಡಿ, ಚುಚ್ಚಿ ನೋಡಿ. ಟೊಳ್ಳು ಸದ್ದು ಬಂದರೆ, ಸಲೀಸಾಗಿ ಒಳಗೆ ಹೋದರೆ ಗೆದ್ದಲು ಅಥವಾ ಕೊಳೆ. ನಮ್ಮ ತೊಲೆಗಳು ಚೆನ್ನಾಗಿದ್ದವು, ರೀಪರುಗಳು ಮಾತ್ರ ಹೋಗಿದ್ದವು. ಕಡಿಮೆ ಬಿದ್ದ ಹೆಂಚನ್ನು ಪಕ್ಕದೂರಲ್ಲಿ ಕೆಡವುತ್ತಿದ್ದ ಮನೆಯಿಂದ ತಂದೆವು. ಆರ್‌ಸಿಸಿಗೆ ಜಾಗ ಬಿಟ್ಟುಕೊಟ್ಟ ಮನೆಯ ಹೆಂಚು ನಮ್ಮ ಮನೆ ಉಳಿಸಿತು. ಎಲ್ಲ ಸೇರಿ 64 ಸಾವಿರ.

ಈ ಹೆಂಚಿನ ಕತೆಯೂ ತಿಳಿದಿರಲಿ. 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನ ಜೆಪ್ಪುವಿನಲ್ಲಿ ಇದರ ಕಾರ್ಖಾನೆ ಹಾಕಿದರು. ಒಂದು ಹೆಂಚು ಒಡೆದರೆ ಅದೊಂದನ್ನೇ ತೆಗೆದು ಇನ್ನೊಂದು ಹೊದಿಸಬಹುದು. ಕೈಯಲ್ಲಿ ಐನೂರು ರೂಪಾಯಿ ಇದ್ದರೆ ಐನೂರು ರೂಪಾಯಿಯ ರಿಪೇರಿ ಆಗುತ್ತೆ. ಆರ್‌ಸಿಸಿ ತಾರಸಿ ಹಾಗಲ್ಲ. ಅದನ್ನು ಕಂತಿನಲ್ಲಿ ಹಾಕೋಕಾಗಲ್ಲ. ಕಬ್ಬಿಣ, ಸಿಮೆಂಟು, ಸೆಂಟ್ರಿಂಗು, ಕೂಲಿ ಎಲ್ಲಕ್ಕೂ ಒಂದೇ ಸಲ ದುಡ್ಡು ಬೇಕು. ಹಳ್ಳಿಯಲ್ಲಿ ಆ ಒಂದೇ ಸಲದ ದುಡ್ಡು ಬರುವುದು ಬಡ್ಡಿಯಿಂದ, ಇಲ್ಲವೇ ಜಮೀನು ಮಾರಿ.

ಸಿಮೆಂಟ್ ಗಟ್ಟಿ, ಗೋಡೆ ಪುಡಿ

ಎರಡನೇ ವರ್ಷ ಗೋಡೆಯ ಬುಡ. ಅಪ್ಪ ಇದ್ದಾಗ "ಗಟ್ಟಿ ಇರಲಿ" ಅಂತ ಗೋಡೆಯ ಕೆಳಗಿನ ಮೂರಡಿಗೆ ಸಿಮೆಂಟ್ ಪ್ಲಾಸ್ಟರ್ ಮಾಡಿಸಿದ್ದರು. ಅದನ್ನು ಒಡೆದಾಗ ಒಳಗಿನ ಮಣ್ಣು ಕೆಸರಿನ ಹಾಗಿತ್ತು.

ಕಾರಣ ಸರಳ. ಹಳೇ ಮನೆಯ ಗೋಡೆ ನೆಲದ ತೇವವನ್ನು ದೀಪದ ಬತ್ತಿ ಎಣ್ಣೆ ಎಳೆದ ಹಾಗೆ ಮೇಲಕ್ಕೆ ಎಳೆಯುತ್ತೆ. ಮಣ್ಣು, ಸುಣ್ಣದ ಮೈಯಿಂದ ಆ ತೇವ ಗಾಳಿಗೆ ಆರಿಹೋಗುತ್ತೆ. ಮೇಲೆ ಸಿಮೆಂಟ್ ಬಳಿದರೆ ಆರುವ ದಾರಿ ಮುಚ್ಚಿದ ಹಾಗೆ. ತೇವ ಒಳಗೇ ನಿಂತು ಮಣ್ಣಿನ ಬಲ ಹೋಗುತ್ತೆ. ಹೊರಗೆ ನೋಡಿದರೆ ಗಟ್ಟಿ, ಒಳಗೆ ಪುಡಿ.

ಸಿಮೆಂಟ್ ಕೆತ್ತಿಸಿ, ಬೇಸಿಗೆ ಪೂರ್ತಿ ಗೋಡೆಯನ್ನು ಹಾಗೇ ಒಣಗಲು ಬಿಟ್ಟೆವು. ಆಮೇಲೆ ಭತ್ತದ ಹೊಟ್ಟು ಕಲಸಿ ಕೊಳೆಹಾಕಿದ ಮಣ್ಣಿನಲ್ಲಿ ಮೆತ್ತಿ, ಮೇಲೆ ತೆಳುವಾಗಿ ಸುಣ್ಣದ ಗಾರೆ. ಸುಣ್ಣದ ಕೆಲಸ ಗೊತ್ತಿದ್ದವರು ಸುತ್ತಲ ಊರಲ್ಲಿ ಒಬ್ಬರೇ ಅಜ್ಜ ಸಿಕ್ಕರು. "ಸುಣ್ಣ ಅರಳೋಕೆ ಬಿಡಬೇಕು ಕಣವ್ವಾ, ಅವಸರ ಮಾಡಿದ್ರೆ ಗೋಡೆ ಮೇಲೆ ಅರಳ್ತದೆ, ಆಗ ಗಾರೆ ಉದುರ್ತದೆ" ಅಂದರು. ಎರಡು ವಾರ ನೀರಲ್ಲಿ ಬಿಟ್ಟೆವು. ಸುಣ್ಣದ ಕಲ್ಲು ನೀರಿಗೆ ಬಿದ್ದರೆ ಕುದಿಯುತ್ತೆ, ಕಣ್ಣಿಗೆ ಸಿಡಿದರೆ ಅಪಾಯ. ಮಕ್ಕಳನ್ನು ಹತ್ತಿರ ಬಿಡಬೇಡಿ.

ಗೋಡೆ ಬಿರುಕು ಬಿಟ್ಟಿದ್ದರೆ ತಕ್ಷಣ ಮೆತ್ತಬೇಡಿ. ಬಿರುಕಿನ ಎರಡೂ ತುದಿಗೆ ಪೆನ್ಸಿಲಿನಲ್ಲಿ ಗೆರೆ ಎಳೆದು ದಿನಾಂಕ ಬರೆಯಿರಿ. ಒಂದು ಮಳೆಗಾಲ ನೋಡಿ. ಗೆರೆ ದಾಟಿ ಬೆಳೆದರೆ, ಅಗಲವಾದರೆ ಇಂಜಿನಿಯರಿಗೆ ತೋರಿಸಲೇಬೇಕು. ಅಲ್ಲಿ ಮಾತ್ರ ಉಳಿತಾಯ ಮಾಡಬೇಡಿ. ಗೋಡೆ ವಾಲಿದ್ದರೆ, ತೊಲೆ ಕೂತ ಜಾಗ ಕುಸಿದಿದ್ದರೆ ಒಂದು ಮಳೆಗಾಲವೂ ಕಾಯಬೇಡಿ, ಆ ಕೋಣೆಯಲ್ಲಿ ಮಲಗಲೂ ಬೇಡಿ.

ಇನ್ನೊಂದು ಲೆಕ್ಕವೂ ಹೇಳಬೇಕು. ಗಾರೆ ಕೆಲಸದ ಗಂಡಸಿಗೆ ದಿನಕ್ಕೆ ಸಾವಿರ, ಮಣ್ಣು ತುಳಿದು ಹೊತ್ತು ಕೊಡುವ ಹೆಂಗಸರಿಗೆ ಐನೂರು ಅಂತ ಮೇಸ್ತ್ರಿ ಹೇಳಿದರು. ಜೊತೆಗೆ ಮಣ್ಣು ತುಳಿದ ಗಂಡಾಳಿಗೆ ಮಾತ್ರ ಏಳುನೂರು. ಸಮಾನ ವೇತನದ ಕಾಯ್ದೆ 1976ರಲ್ಲೇ ಬಂದಿದೆ ಅಂತ ತರಗತಿಯಲ್ಲಿ ಪಾಠ ಮಾಡುವವಳು ನಾನು. ಇಬ್ಬರಿಗೂ ಏಳುನೂರು ಕೊಟ್ಟೆ. ನನ್ನ ಬಜೆಟ್ ಮೂರು ಸಾವಿರ ಜಾಸ್ತಿ ಆಯ್ತು. "ನೀವು ರೇಟ್ ಕೆಡಿಸ್ತೀರಾ ಮೇಡಂ" ಅಂದರು ಮೇಸ್ತ್ರಿ.

ರಸ್ತೆ ಎದ್ದಿತು, ಮನೆ ಕೂತಿತು

ಆದರೆ ಗೋಡೆಯ ಬುಡಕ್ಕೆ ಅಷ್ಟು ನೀರು ಎಲ್ಲಿಂದ ಬರುತ್ತಿತ್ತು? ಮನೆ ಮುಂದಿನ ರಸ್ತೆಯಿಂದ. ನಾನು ಚಿಕ್ಕವಳಿದ್ದಾಗ ರಸ್ತೆಯಿಂದ ಜಗಲಿಗೆ ಎರಡು ಮೆಟ್ಟಿಲು ಹತ್ತಬೇಕಿತ್ತು. ಈಗ ರಸ್ತೆಯಿಂದ ಜಗಲಿಗೆ ಇಳಿಯಬೇಕು. ಹಳೇ ರಸ್ತೆಯನ್ನು ಅಗೆಯದೆ ಅದರ ಮೇಲೇ ಕಾಂಕ್ರೀಟ್ ಹಾಕಿದರು, ಕೆಲವು ವರ್ಷದ ನಂತರ ಅದರ ಮೇಲೆ ಇನ್ನೊಂದು ಪದರ. ಚರಂಡಿ ಅರ್ಧಕ್ಕೇ ನಿಂತಿತು. ಬೀದಿಯ ನೀರೆಲ್ಲ ತಗ್ಗಿನಲ್ಲಿದ್ದ ಹಳೇ ಮನೆಗಳ ಬುಡಕ್ಕೆ.

ನಿಮ್ಮ ಬೀದಿಯಲ್ಲೂ ಒಮ್ಮೆ ಗಮನಿಸಿ. ರಸ್ತೆ ಎತ್ತರವಾದಾಗ ತಗ್ಗಿಗೆ ಬೀಳುವುದು ಯಾರ ಮನೆ? ಹೊಸ ಮನೆಯವರು ಪಾಯ ಎತ್ತರಿಸಿಕೊಂಡಿರ್ತಾರೆ. ಉಳಿದವರು ಬಾಗಿಲಿಗೆ ಮರಳು ಚೀಲ ಇಡ್ತಾರೆ.

ಮನೆ ಸುತ್ತ ನಾನು ಕಾಲುವೆ ತೋಡಿಸಿ, ಇಳಿಜಾರು ಮಾಡಿಸಿದೆ. ಗೋಡೆಯ ಬುಡವೂ ಸೇರಿ 41 ಸಾವಿರ. ಆದರೆ ನನ್ನ ಕಾಲುವೆ ಬೀದಿಯ ಚರಂಡಿಗೆ ಸೇರದಿದ್ದರೆ ಏನು ಪ್ರಯೋಜನ? ಬೀದಿಯ ಹನ್ನೊಂದು ಮನೆಯವರು ಸಹಿ ಹಾಕಿ ಗ್ರಾಮಸಭೆಯಲ್ಲಿ ಕೇಳಿದೆವು. ಎರಡು ಸಭೆ ಕಳೆದು ಮೂರನೆಯದಕ್ಕೆ ಚರಂಡಿ ಕ್ರಿಯಾಯೋಜನೆಗೆ ಸೇರಿತು, ಮರುವರ್ಷ ಪೂರ್ತಿಯಾಯಿತು. ನನ್ನ ರಿಪೇರಿಯಲ್ಲಿ ಅತ್ಯಂತ ಬೆಲೆಬಾಳುವ ಕೆಲಸ ಅದೇ. ನನಗೆ ಬಿದ್ದ ಖರ್ಚು ಜೆರಾಕ್ಸಿನದ್ದು ಮಾತ್ರ.

ಮನೆ ಯಾರ ಹೆಸರಲ್ಲಿದೆ?

ಮೂರನೇ ವರ್ಷ 36 ಸಾವಿರಕ್ಕೆ ವೈರಿಂಗ್ ಬದಲಾಯಿಸಿದೆವು. ಹಳೇ ವೈರು, ಒದ್ದೆ ಗೋಡೆ, ಅರ್ಥಿಂಗ್ ಇಲ್ಲ ಅಂದರೆ ಜೀವಕ್ಕೇ ಅಪಾಯ. ಅರ್ಥಿಂಗ್ ಜೊತೆಗೆ, ಕರೆಂಟ್ ಸೋರಿದರೆ ತಾನೇ ಆಫ್ ಆಗುವ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಹಾಕಿಸಿ.

ಅದೇ ಹೊತ್ತಿಗೆ ಚಿಕ್ಕಪ್ಪ ಕೇಳಿದರು, "ಇಷ್ಟೆಲ್ಲ ಖರ್ಚು ಮಾಡ್ತಿದೀಯಲ್ಲ ಮಗಾ, ಮನೆ ಯಾರ ಹೆಸರಲ್ಲಿದೆ ಗೊತ್ತಾ?" ಖಾತೆ ಇನ್ನೂ ಅಜ್ಜನ ಹೆಸರಲ್ಲೇ ಇತ್ತು. ಇ-ಸ್ವತ್ತಿನಲ್ಲಿ ನಮೂನೆ 9, 11 ನಮ್ಮ ಹೆಸರಿಗೆ ಆಗಬೇಕಾದರೆ ಹಕ್ಕಿರುವ ಎಲ್ಲರ ಒಪ್ಪಿಗೆ ಬೇಕು. ಇಬ್ಬರು ಅತ್ತೆಯರಲ್ಲಿ ದೊಡ್ಡತ್ತೆ ಸಹಿ ಹಾಕಿದರು. ಚಿಕ್ಕತ್ತೆ, "ನನ್ನ ಪಾಲು ಕೊಟ್ಟರೆ ಹಾಕ್ತೀನಿ" ಅಂದರು.

ನನಗೆ ಸಿಟ್ಟು ಬಂತು. ರಾತ್ರಿ ಪೂರ್ತಿ ಯೋಚಿಸಿದ ಮೇಲೆ ನಾಚಿಕೆಯಾಯಿತು. ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಸಮಪಾಲು ಅಂತ 2005ರ ತಿದ್ದುಪಡಿ ಹೇಳುತ್ತೆ. 2020ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಇನ್ನಷ್ಟು ಸ್ಪಷ್ಟ ಮಾಡಿತು. ಮಗಳಾಗಿ ನಾನು ಯಾವ ಹಕ್ಕಿನ ಮೇಲೆ ಈ ಮನೆಗೆ ದುಡ್ಡು ಹಾಕುತ್ತಿದ್ದೆನೋ, ಚಿಕ್ಕತ್ತೆ ಕೇಳಿದ್ದೂ ಅದನ್ನೇ. ಹಿತ್ತಲ ಒಂದು ಭಾಗ ಅವರಿಗೆ ಬಿಟ್ಟು ವಿಭಾಗ ಪತ್ರ ಮಾಡಿಸಿದೆವು. ನನ್ನ ಸಲಹೆ ಇಷ್ಟೇ: ಈ ಮಾತನ್ನು ಮೊದಲ ಹೆಂಚು ಇಳಿಸುವ ಮುಂಚೆ ಆಡಿ. ನಾನು ತಡಮಾಡಿದೆ.

ಮಣ್ಣಿನ ಮನೆಯ ಮೋಹವೂ ಬೇಡ

ನಾಲ್ಕನೇ ವರ್ಷ ಮನೆಗೆ ಅಂಟಿಕೊಂಡ ಹಾಗೆ ಬಚ್ಚಲು, ಶೌಚಾಲಯ: 88 ಸಾವಿರ. ಅದನ್ನು ಸಿಮೆಂಟ್ ಇಟ್ಟಿಗೆಯಲ್ಲೇ ಕಟ್ಟಿಸಿದೆವು. ದಿನಾ ನೀರು ಬೀಳುವ ಕಡೆ ಮಣ್ಣಿನ ಗೋಡೆ ಸಲ್ಲ.

ಹೀಗೆ ಹೇಳೋದಕ್ಕೆ ಕಾರಣ ಇದೆ. ನಗರದ ಗೆಳೆಯರು ಫೋಟೋ ನೋಡಿ "ವಾವ್, ಮಣ್ಣಿನ ಮನೆ!" ಅಂತಾರೆ. ಅಮ್ಮ ನಗ್ತಾರೆ. ನಲವತ್ತು ವರ್ಷ ಪ್ರತಿ ಹಬ್ಬಕ್ಕೂ ಗೋಡೆ ಸಾರಿಸಿ, ಸುಣ್ಣ ಬಳಿದು, ಕೈ ಒಡೆಸಿಕೊಂಡವರು ಅವರು. ಊರ ಹೊರಗಿನ ಕೇರಿಯಲ್ಲಿ ತಲೆಮಾರುಗಳಿಂದ ಸೋರುವ ಗುಡಿಸಲಲ್ಲಿ ಬದುಕಿದ ಕುಟುಂಬಕ್ಕೆ ತಾರಸಿ ಮನೆ ಅಂದರೆ ಮರ್ಯಾದೆ. ಅವರಿಗೆ ಹೋಗಿ ಮಣ್ಣಿನ ಮಹಿಮೆ ಹೇಳುವ ಹಕ್ಕು ನನಗಿಲ್ಲ. ಹೊಸ ಮನೆ ಬೇಕಾದವರಿಗೆ ಹೊಸ ಮನೆಯೇ ಸಿಗಬೇಕು.

ನಾನು ಕೇಳುತ್ತಿರುವುದು ಇನ್ನೊಂದು ದಾರಿ. ಗಟ್ಟಿ ತೊಲೆ, ಒಳ್ಳೇ ಹೆಂಚು ಇದ್ದೂ ಬುಡ ನೆನೆಯುತ್ತಿರುವ ಮನೆಗೆ, ಬೀಳುವ ಮುಂಚೆ ಒಂದು ಸಣ್ಣ ನೆರವು. ಸೂರಿಗೆ, ಗೋಡೆಯ ಬುಡಕ್ಕೆ, ವೈರಿಂಗಿಗೆ ಕಂತಿನಲ್ಲಿ ಕೊಟ್ಟರೂ ಸಾಕು. ಒಂದು ಹೊಸ ಮನೆಗೆ ಕೊಡುವ 1.20 ಲಕ್ಷದಲ್ಲಿ ನಮ್ಮಂಥ ಮನೆಯೊಂದರ ಸೂರು, ಬುಡ ಎರಡೂ ಆಗಿ ಹದಿನೈದು ಸಾವಿರ ಮಿಕ್ಕುತ್ತೆ. ಜೊತೆಗೆ, ರಸ್ತೆ ಮಾಡುವಾಗ ಹಳೇ ಪದರ ಅಗೆದು, ಮನೆಗಳ ಮಟ್ಟ ನೋಡಿ ಮಾಡಬೇಕು ಅಂತ ಗ್ರಾಮಸಭೆಯಲ್ಲಿ ಬರೆಸಿ. ಇದಕ್ಕೆ ಹೊಸ ಕಾನೂನು ಬೇಕಿಲ್ಲ, ಸಭೆಗೆ ಹೋಗುವ ಜನ ಬೇಕು.

ನಮ್ಮ ಮನೆಯ ನೆಲ ಇನ್ನೂ ಆಗಿಲ್ಲ. ಬಣ್ಣವೂ ಇಲ್ಲ. ಹೋದ ಆಗಸ್ಟಿನಲ್ಲಿ ಜೋರು ಮಳೆ ಹಿಡಿದಾಗ ಗಾಬರಿಯಿಂದ ನಾನೇ ಫೋನ್ ಮಾಡಿದೆ. ಹತ್ತು ಸಲ ರಿಂಗಾದ ಮೇಲೆ ಅಮ್ಮ ಎತ್ತಿ, "ಏನೇ ಇಷ್ಟೊತ್ತಲ್ಲಿ? ನಿದ್ದೆ ಬಂದಿತ್ತು" ಅಂದರು.