ಆಡುವವರ ಮೌನ

ಕುದ್ರೋಳಿಯ ಶ್ರೀ ಗೋಕರ್ಣನಾಥ ಕ್ಷೇತ್ರದಿಂದ ಹೊರಡುವ ದಸರಾ ಮೆರವಣಿಗೆಯಲ್ಲಿ ಹುಲಿವೇಷದವನ ಹೆಜ್ಜೆ ತಾಸೆಯ ಪೆಟ್ಟಿಗೆ ತುಸು ತಪ್ಪಿದರೂ, ಬೀದಿಯ ಇಕ್ಕೆಲದ ಜನ ಒಡನೆಯೇ ತೀರ್ಪು ಹೇಳಿಬಿಡುತ್ತಾರೆ. ಅದೇ ಜನ ಮೊಬೈಲಿನಲ್ಲಿ ಗಂಟೆಗಟ್ಟಲೆ ವಿಡಿಯೋ ಗೇಮು ಆಡಿದ ಬಳಿಕ, ಅದರ ಗುಣದೋಷಗಳ ವಿಷಯವಾಗಿ ಒಂದಕ್ಷರವನ್ನೂ ಬರೆಯುವುದಿಲ್ಲ.

ಈ ಮೌನವು ನಮ್ಮ ಊರೊಂದರದೇ ಅಲ್ಲ. ಅಮೆರಿಕದ ಸ್ಟೀಮ್ ಎಂಬ ಮಾರಾಟದ ತಾಣವು 2013ರಲ್ಲಿ ಗ್ರಾಹಕರ ವಿಮರ್ಶೆಗೆ ಎಡೆಮಾಡಿತು. ಯಾವ ಆಟ ಎಷ್ಟು ಮಾರಾಟವಾಯಿತೆಂಬುದನ್ನು ಅದು ಪ್ರಕಟಿಸುವುದಿಲ್ಲವಾದುದರಿಂದ, ಈ ಕಸುಬಿನವರು ವಿಮರ್ಶೆಗಳ ಸಂಖ್ಯೆಯನ್ನು 30ರಿಂದಲೋ 50ರಿಂದಲೋ ಗುಣಿಸಿ ಮಾರಾಟವನ್ನು ಅಂದಾಜು ಮಾಡುವ ರೂಢಿಯುಂಟು. ಎಂದರೆ, ಹಣ ತೆತ್ತು ಕೊಂಡವರಲ್ಲಿಯೂ ಬರೆಯುವವರು ನೂರಕ್ಕೆ ಇಬ್ಬರೋ ಮೂವರೋ! ಪುಕ್ಕಟೆಯಾಗಿ ಇಳಿಸಿಕೊಂಡು ಎರಡು ದಿನಗಳಲ್ಲಿ ಅಳಿಸಿಹಾಕುವವರಿಂದ ಇನ್ನೇನನ್ನು ನಿರೀಕ್ಷಿಸಬೇಕು?

ತೃಪ್ತನಾದವನು ಸುಮ್ಮನಿರುತ್ತಾನೆ, ಕೆರಳಿದವನು ಬರೆಯುತ್ತಾನೆ. ಇದರ ಫಲವೇನೆಂಬುದು ಬೆಂಗಳೂರಿನ ಎನ್‌ಕೋರ್ ಗೇಮ್ಸ್ ಸಂಸ್ಥೆಯ ‘ಫೌಜಿ’ ಆಟದಲ್ಲಿ ಪ್ರತ್ಯಕ್ಷವಾಯಿತು. 2020ರ ಸೆಪ್ಟೆಂಬರ್ 2ರಂದು ಭಾರತ ಸರಕಾರವು ಪಬ್‌ಜಿ ಮೊಬೈಲ್ ಸಹಿತ 118 ಆ್ಯಪ್‌ಗಳನ್ನು ನಿಷೇಧಿಸಿತು. ಅದರ ಬೆನ್ನಿಗೇ ಘೋಷಿತವಾಗಿ, 2021ರ ಗಣರಾಜ್ಯ ದಿನದಂದು ‘ಫೌಜಿ’ ಹೊರಬಂದಿತು. ಲಕ್ಷಾಂತರ ಜನ ಅದನ್ನು ಇಳಿಸಿಕೊಂಡರು. ಕೆಲವೇ ದಿನಗಳಲ್ಲಿ ಪ್ಲೇ ಸ್ಟೋರಿನಲ್ಲಿ ಅದರ ಅಂಕವು ಕುಸಿಯಿತು. ಆಟದಲ್ಲಿ ಕುಂದುಗಳಿಲ್ಲದಿರಲಿಲ್ಲ, ಗಲ್ವಾನ್ ಕಣಿವೆಯ ಒಂದು ಕಥಾನಕವನ್ನು ಬಿಟ್ಟರೆ, ಹಲವರು ಕೂಡಿ ಕಾದಾಡುವ ವ್ಯವಸ್ಥೆಯೇ ಆರಂಭದಲ್ಲಿ ಅದರಲ್ಲಿರಲಿಲ್ಲ. ಆದರೆ ಒಂದೇ ನಕ್ಷತ್ರವಿತ್ತವರಲ್ಲಿ ಅನೇಕರು ಈ ಕುಂದನ್ನು ಹೇಳಿದವರಲ್ಲ, ಪಬ್‌ಜಿಯನ್ನು ಮರಳಿ ಕೊಡಿರೆಂದು ಮುನಿದವರು. ನಿಷೇಧಿಸಿದ್ದು ಸರಕಾರ, ಏಟು ತಿಂದದ್ದು ಬೆಂಗಳೂರಿನ ಆಟ! ಮೆಚ್ಚಿ ಆಡಿದವರು ಬಾಯಿಬಿಡಲಿಲ್ಲ.

ಸ್ವದೇಶಿ ವಸ್ತುವನ್ನು ಕಣ್ಮುಚ್ಚಿ ಹೊಗಳಬೇಕೆಂದು ನಾವು ಹೇಳುತ್ತಿಲ್ಲ. ಹಾಗೆ ಹೊಗಳುವುದೂ ಆಡದೆಯೇ ತೆಗಳುವಷ್ಟೇ ನಿಷ್ಪ್ರಯೋಜಕ. ಕರ್ನಾಟಕ ಸರಕಾರವು 2024ರಲ್ಲಿ ಆನಿಮೇಶನ್ ಮತ್ತು ಗೇಮಿಂಗ್ ಉದ್ಯಮಕ್ಕೆ ಐದು ವರ್ಷಗಳ ನೀತಿಯೊಂದನ್ನು ಅಂಗೀಕರಿಸಿತು. ತರಬೇತಿ, ಬಂಡವಾಳಗಳಿಗೆ ಸರಕಾರ ನೆರವಾಗಬಹುದು. ಆಡಿದವನ ಅಭಿಮತವನ್ನು ಯಾವ ಇಲಾಖೆಯೂ ಮಂಜೂರು ಮಾಡಲಾರದು.

ಪ್ಲೇ ಸ್ಟೋರಿನ ವಿಮರ್ಶೆಗೆ 500 ಅಕ್ಷರಗಳ ಮಿತಿಯಿದೆ. ಒಂದು ಅಂಚೆ ಕಾರ್ಡಿನಷ್ಟು ಬರಹ. ಅದನ್ನು ಕನ್ನಡದಲ್ಲಿಯೇ ಬರೆಯಬಹುದು. ಆಟ ಸುಧಾರಿಸಿದರೆ ಬರೆದುದನ್ನು ತಿದ್ದಬಹುದು. ನಿರ್ಮಾಪಕನಿಗೂ ಅದರ ಕೆಳಗೆಯೇ ಉತ್ತರ ಕೊಡಲು ಅವಕಾಶವುಂಟು.